ಮೂವತ್ತು ಸೆಕೆಂಡಿನ ವಿಷಾದ

ಸುರಪುರದ ರಂಗಂಪೇಟೆ ಕಡೆಯ ಓಣಿಗಳಲ್ಲಿ ಮುಸಲ್ಮಾನರ ಮನೆಯ ಹೆಣ್ಣುಮಗಳು ಯಾರೇ ತೀರಿಕೊಂಡರೂ, ಅಳು ಒಂದು ಹದಕ್ಕೆ ಬರುವ ಮೊದಲೇ ಯಾರಾದರೊಬ್ಬರು ಕೇಳುತ್ತಿದ್ದರು, “ದಾವಲಬೀಗೆ ಹೇಳಿ ಕಳಿಸ್ಯಾರೇನು?” ಅಂತ. ಹೆಣಕ್ಕೆ ಕೊನೆಯ ಸ್ನಾನ ಮಾಡಿಸಿ ಬಿಳಿ ಕಫನ್ ಉಡಿಸುವುದು ಆಕೆಯ ಪಾಲಿಗೆ ಬಂದ ಕೆಲಸ. ಗುಸಲ್ ಕೊಡುವುದು ಅನ್ನುತ್ತಾರೆ ಅದಕ್ಕೆ. ಇಪ್ಪತ್ತೆರಡು ವರ್ಷ ಕೊಟ್ಟಳು. ಅದಕ್ಕೆಂದು ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ, ಸತ್ತ ಮನೆಯಲ್ಲಿ ಒಂದು ಕಪ್ ಚಹಾವನ್ನೂ ಕುಡಿದವಳಲ್ಲ. ಹೊಟ್ಟೆಪಾಡಿಗೆ ಹಳೆಯ ಬಟ್ಟೆಗಳ ಕೌದಿ ಹೊಲಿಯುತ್ತಿದ್ದಳು. ಗಂಡ ಹೋಗಿ ಬಹಳ ದಿನವಾಗಿತ್ತು, ಮಕ್ಕಳು ಆಗಿರಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ತಾನೂ ಯಾರಿಗೋ ಬೇಕಾದವಳು ಅಂತ ಆಕೆಗೆ ಅನ್ನಿಸುತ್ತಿದ್ದದ್ದು ಆ ಒಂದು ಕರೆಯಿಂದ. ಸಾವಿನ ಸುದ್ದಿ ತಂದವರನ್ನು ಕಂಡು ಒಳಗೊಳಗೇ ಹಿತವೆನಿಸುವುದು ಪಾಪವೇನೋ ಅಂತ ಆಗಾಗ ಹೆದರಿಕೊಂಡೂ ಇದ್ದಳು.

ಈ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ಸ್ನಾನಕ್ಕೆ ಕಟ್ಟಿದ ಪರದೆಯೊಳಗೆ ಕಂಡದ್ದು ಪರದೆಯೊಳಗೇ ಇರಬೇಕು. ಸತ್ತವರ ಮೈಮೇಲೆ ಸುಟ್ಟ ಕಲೆ ಇರಲಿ, ಬಾಸುಂಡೆ ಇರಲಿ, ಬದುಕಿದ್ದಾಗ ಅವರು ಮುಚ್ಚಿಟ್ಟುಕೊಂಡಿದ್ದ ಊನ ಇರಲಿ, ಹೊರಗೆ ಬಂದು ಬಾಯಿ ಬಿಡುವಂತಿಲ್ಲ. ಅದು ಸತ್ತವರ ಅಮಾನತ್ತು, ನಂಬಿ ಕೈಗೆ ಕೊಟ್ಟದ್ದು. ದಾವಲಬೀ ಈ ವಿಷಯದಲ್ಲಿ ಕಲ್ಲು. ನನಗೆ ಆ ಕಟ್ಟುಪಾಡಿಲ್ಲ, ಹೆಸರುಗಳನ್ನೂ ಬದಲಿಸಿದ್ದೇನೆ, ಆದ್ದರಿಂದ ಹೇಳಿಬಿಡುತ್ತೇನೆ.

ಸಾಬೇರಾ ಅಂತ ಒಬ್ಬಾಕೆ ಇದ್ದಳು. ಬಸ್‌ಸ್ಟ್ಯಾಂಡಿನ ಹತ್ತಿರ ಬ್ಯಾಟರಿ ಅಂಗಡಿ ಇಟ್ಟಿರುವ ಏಜಾಜನ ತಾಯಿ. ಆರು ವರ್ಷದ ಹಿಂದೆ, ಏಜಾಜ ಇನ್ನೂ ಪುಣೆಯಲ್ಲಿ ಕೆಲಸಕ್ಕಿದ್ದಾಗ, ಆಕೆ ತನ್ನ ಅಕ್ಕನ ಜೊತೆ ಹೈದರಾಬಾದಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದಳು. ಮಗನಿಗೆ ಹೊಟ್ಟೆಯ ಗಡ್ಡೆ ಅಂತ ಹೇಳಿದಳು. ನಿಜವಾಗಿ ತೆಗೆದದ್ದು ಎಡಗಡೆಯ ಮೊಲೆಯನ್ನು. ಅಕ್ಕ ಮರುವರ್ಷವೇ ತೀರಿಕೊಂಡಳು. ಉಳಿದವರಲ್ಲಿ ವಿಷಯ ಗೊತ್ತಿದ್ದದ್ದು ದಾವಲಬೀ ಒಬ್ಬಳಿಗೇ, ಯಾಕೆಂದರೆ ಕುಬಸದೊಳಗೆ ಇಟ್ಟುಕೊಳ್ಳಲು ಹಳೆಯ ಮೆತ್ತನೆ ಸೀರೆಯ ತುಂಡಿನಲ್ಲಿ ಹತ್ತಿ ತುಂಬಿ, ಕೌದಿಯ ಸಣ್ಣ ಹೊಲಿಗೆ ಹಾಕಿ ಕೊಟ್ಟವಳು ಆಕೆಯೇ. “ನಾ ಸತ್ತರ ನೀನೊಬ್ಬಾಕಿನೇ ನನ್ನ ಮೈ ಮುಟ್ಟಬೇಕು. ಸೊಸಿ ನೋಡಬಾರದು, ಯಾರೂ ನೋಡಬಾರದು,” ಅಂತ ಸಾಬೇರಾ ಕೈ ಹಿಡಿದು ಭಾಷೆ ತೆಗೆದುಕೊಂಡಿದ್ದಳು.

ಹೋದ ಫೆಬ್ರುವರಿಯಲ್ಲಿ ಸಾಬೇರಾ ತೀರಿಕೊಂಡಾಗ ದಾವಲಬೀ ಕೊಟ್ಟ ಮಾತು ನಡೆಸಿದಳು. ನೀರು ಹಾಕಲು ಬಂದ ಹೆಂಗಸರನ್ನೆಲ್ಲ “ಹೊರಗ ಹೋಗ್ರಿ, ನಾನೊಬ್ಬಾಕೀನ ಮಾಡ್ತೀನಿ” ಅಂತ ಕಳಿಸಿದಳು. ಮೈಮೇಲೆ ಚಾದರ ಹೊದಿಸಿ, ಒಳಗಿಂದಲೇ ಕುಬಸ ಬಿಚ್ಚಿ, ಆ ಬಟ್ಟೆಯ ಗಂಟನ್ನು ಹೊರಗೆ ತೆಗೆಯುವಷ್ಟರಲ್ಲಿ ಪರದೆ ಅಲುಗಾಡಿತು. ಗಾಬರಿಯಾಗಿ ಅದನ್ನು ಸೊಂಟದಲ್ಲಿ ಸಿಗಿಸಿಕೊಂಡಳು. ಮನೆಗೆ ಹೋದವಳೇ ಒಲೆಗೆ ಹಾಕಿ ಸುಟ್ಟಳು. ಅಲ್ಲಿಗೆ ಸಾಬೇರಾಳ ಗುಟ್ಟು ಮುಗಿಯಿತು ಅಂದುಕೊಂಡಳು.

ಮುಗಿಯಲಿಲ್ಲ. ಬಂದ ನೆಂಟರಲ್ಲಿ ಯಾರೋ ಪರದೆಯ ಸಂದಿಯಿಂದ ಮೊಬೈಲಿನಲ್ಲಿ ಹತ್ತೊಂಬತ್ತು ಸೆಕೆಂಡು ಹಿಡಿದಿದ್ದರು. ಸತ್ತ ಮನೆಯಲ್ಲಿ ಪರದೆಯೊಳಗೆ ಫೋನು ತೂರಿಸುವ ಮನುಷ್ಯರ ಬಗ್ಗೆ ಏನು ಹೇಳೋಣ, ನನಗಂತೂ ಬೈಗುಳ ಬಿಟ್ಟು ಬೇರೆ ಬರುವುದಿಲ್ಲ. ಆ ತುಣುಕು ಕೈಯಿಂದ ಕೈಗೆ ಹೋಗಿ ಯಾದಗಿರಿಯ ‘ದೀವಟಿಗೆ ನ್ಯೂಸ್’ ಮುಟ್ಟಿತು. ದೀವಟಿಗೆ ಅಂದರೆ ಒಂದು ಕೋಣೆ, ಎರಡು ಕ್ಯಾಮೆರಾ, ಮುಂದೆ ‘ಪ್ರೆಸ್’ ಅಂತ ಬರೆಸಿದ ಒಂದು ಬೊಲೆರೊ, ಮತ್ತು ಶ್ರೀಮಂತ ಅನ್ನುವ ಹೆಸರಿನ ಅದರ ಮಾಲೀಕ. ಕೇಬಲ್ಲಿನಲ್ಲೂ ಬರುತ್ತದೆ, ಮೊಬೈಲಿನಲ್ಲೂ ಬರುತ್ತದೆ. ‘ಹೆಣದ ಮೈಮೇಲಿನ ಬಂಗಾರಕ್ಕೂ ಕನ್ನ!’ ಅಂತ ತಲೆಬರಹ ಹಾಕಿ, ದಾವಲಬೀಯ ಕೈಗೆ ಕೆಂಪು ಸುತ್ತು ಎಳೆದು, ಮುಖವನ್ನು ಪರದೆ ತುಂಬ ದೊಡ್ಡದು ಮಾಡಿ, ಹೆಸರು ಹೇಳಿ, ಓಣಿ ಹೇಳಿ, ಎದೆ ನಡುಗುವಂಥ ಸಂಗೀತ ಕೂಡಿಸಿ ಎರಡು ದಿನ ತೋರಿಸಿದರು. ಯಾರ ಬಂಗಾರ, ಎಷ್ಟು ಬಂಗಾರ, ಕಳೆದದ್ದು ಹೌದೋ ಅಲ್ಲವೋ ಅಂತ ಒಬ್ಬರನ್ನೂ ಕೇಳಿರಲಿಲ್ಲ. ಸಾಬೇರಾಳ ಬಳೆ, ಓಲೆ ಎಲ್ಲವನ್ನೂ ಸೊಸೆ ಮುಬೀನಾ ಆಸ್ಪತ್ರೆಯಲ್ಲೇ ಬಿಚ್ಚಿ ಇಟ್ಟುಕೊಂಡಿದ್ದಳು. ಆದರೂ ಆ ಮನೆಯವರು ಬಾಯಿ ಬಿಡಲಿಲ್ಲ. ಅವರಿಗೂ ಒಂದು ಅನುಮಾನ ಹೊಕ್ಕಿತ್ತು: ಹಾಗಾದರೆ ಸೊಂಟಕ್ಕೆ ಸಿಗಿಸಿಕೊಂಡದ್ದು ಏನು?

ಆಮೇಲೆ ದಾವಲಬೀಗೆ ಕರೆ ಬರಲಿಲ್ಲ. ಮಾರ್ಚಿನಲ್ಲಿ ಹಿಂದಿನ ಓಣಿಯ ಮುದುಕಿ ಹೋದಳು, ಹತ್ತಿರದ ಸಗರ ಊರಿನಿಂದ ಗುಸಲ್ ಕೊಡುವ ಒಬ್ಬಾಕೆಯನ್ನು ಆಟೋದಲ್ಲಿ ಕರೆಸಿದರು. ರಂಜಾನಿನ ನಂತರ ಬಾಣಂತಿಯೊಬ್ಬಳು ಹೋದಳು, ಅದಕ್ಕೂ ಸಗರದಾಕೆಯೇ. ದಾವಲಬೀ ಬಾರಿ, ಅಂದರೆ ಎಲಚಿ ಗಿಡದ ಎಲೆ ತಂದು ಒಣಗಿಸಿ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಸ್ನಾನದ ನೀರಿಗೆ ಹಾಕಿ ಕುದಿಸುವ ಎಲೆ ಅದು. ಡಬ್ಬಿ ತೆಗೆಯುವ ಪ್ರಸಂಗ ಬರಲಿಲ್ಲ. ಓಣಿಯಲ್ಲಿ ಜನ ಬೈಯಲಿಲ್ಲ, ಜಗಳಕ್ಕೂ ಬರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಎದುರಿಗೆ ಬಂದರೆ “ಆರಾಮ ಇದ್ದೀರೇನ್ರಿ?” ಅಂತ ಕೇಳಿ, ಉತ್ತರಕ್ಕೆ ನಿಲ್ಲದೆ ಹೋಗುತ್ತಿದ್ದರು. ದಿನಾಲು ಸಂಜೆ ಬಂದು ಅರ್ಧ ಗಂಟೆ ಹರಟೆ ಹೊಡೆಯುತ್ತಿದ್ದ ಗೆಳತಿ ಉಮೆಸಲ್ಮಾ ಕೂಡ ಬರುವುದನ್ನು ಬಿಟ್ಟಳು. ಕೆಲವು ದಿನ ದಾವಲಬೀ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡದೆ ಕೌದಿಯ ಮುಂದೆ ಕೂತಿರುತ್ತಿದ್ದಳು. ತನ್ನ ದನಿ ಇದೆಯೋ ಇಲ್ಲವೋ ನೋಡಲು ಸುಮ್ಮನೆ ಕೆಮ್ಮುತ್ತಿದ್ದಳು.

ಎದುರು ಮನೆಯಲ್ಲಿ ಬಾಡಿಗೆಗಿದ್ದ ಪರಿಮಳಾ ಸರ್ಕಾರಿ ಶಾಲೆಯ ಟೀಚರು. ಹೊರಗಿನಿಂದ ಬಂದವಳಾದ್ದರಿಂದಲೋ ಏನೋ, ಆಕೆಗೆ ಸಿಟ್ಟು ಬರುತ್ತಿತ್ತು. ಓಣಿಯ ಕಿರಿಯರ ಹಾಗೆ ಆಕೆಯೂ ದಾವಲಬೀಯನ್ನು ಖಾಲಾ, ಚಿಕ್ಕಮ್ಮ, ಅಂತಲೇ ಕರೆಯುತ್ತಿದ್ದಳು. ಒಂದು ದಿನ ಪೇಪರಿನ ತುಂಡು ಹಿಡಿದುಕೊಂಡು ಬಂದಳು.

“ಖಾಲಾ, ಇಲ್ಲಿ ನೋಡ್ರಿ. ಟಿವಿಯವರು ತಪ್ಪು ಮಾಡಿದ್ರ ಕೇಳಾಕ ಟಿವಿಯವರ ಒಂದು ಸಮಿತಿ ಮಾಡ್ಯಾರ. ನಾ ಬರೀತೀನಿ, ನೀವು ಹೆಬ್ಬಟ್ಟು ಒತ್ರಿ.”

“ಟಿವಿಯವರ ತಪ್ಪು ಟಿವಿಯವರೇ ಕೇಳ್ತಾರೇನವ್ವ?”

“ಕೇಳ್ತೀವಿ ಅಂತ ಬರದಾರಲ್ರಿ.”

ಹೌದು, ಬರೆದಿದ್ದರು. ಅದರ ಹಿಂದಿನ ವರ್ಷ ಬೇರೊಂದು ವಾಹಿನಿ ಬೇರೊಬ್ಬರ ಮಾನ ಕಳೆದು ಪೊಲೀಸರವರೆಗೆ ಹೋದಾಗ, ಸರ್ಕಾರದವರು ನಮ್ಮೊಳಗೆ ಕೈ ಹಾಕುವುದು ಬೇಡ, ನಮ್ಮನ್ನು ನಾವೇ ತಿದ್ದಿಕೊಳ್ಳುತ್ತೇವೆ ಅಂತ ಜಿಲ್ಲೆಯ ವಾಹಿನಿಗಳೆಲ್ಲ ಸೇರಿ ಸ್ವಯಂ ನಿಯಂತ್ರಣ ಸಮಿತಿ ಮಾಡಿಕೊಂಡಿದ್ದವು. ಮೂರು ಜನ ಸದಸ್ಯರು. ಅಧ್ಯಕ್ಷ ಅಯ್ಯಣ್ಣ, ನಿವೃತ್ತ ಪ್ರಿನ್ಸಿಪಾಲರು, ಶಹಾಪುರದವರು. ಉಳಿದ ಇಬ್ಬರಿಗೂ ತಮ್ಮ ತಮ್ಮ ವಾಹಿನಿಗಳಿದ್ದವು.

ಆಗಸ್ಟಿನಲ್ಲಿ ವಿಚಾರಣೆಗೆ ಕರೆ ಬಂತು. ಪರಿಮಳಾಗೆ ರಜೆ ಸಿಗಲಿಲ್ಲ. ದಾವಲಬೀ ಆಧಾರ್ ಕಾರ್ಡು ತೋರಿಸಿ ಒಬ್ಬಳೇ ಯಾದಗಿರಿ ಬಸ್ಸು ಹತ್ತಿದಳು. ಶಹಾಪುರ ದಾಟಿದರೂ ಪಕ್ಕದ ಸೀಟು ಖಾಲಿ ಇತ್ತು. ದೋರನಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳು ಹತ್ತಿ ಪಕ್ಕಕ್ಕೆ ಕೂತು, “ಎಲ್ಲೀತನ ಹೊಂಟೀರಿ ಅವ್ವಾ?” ಅಂತ ಕೇಳಿದಳು. ಬಹಳ ದಿನದ ಮೇಲೆ ದಾವಲಬೀಯನ್ನು ಯಾರೋ ಮಾತಾಡಿಸಿದ್ದರು. ಯಾದಗಿರಿಗೆ ಅಂದಳು, ನಿಮ್ಮೂರಲ್ಲಿ ಈ ಸಲ ಮಳೆ ಹೇಗೆ ಅಂದಳು. ಆ ಹೆಣ್ಣುಮಗಳು ಉತ್ತರ ಹೇಳುತ್ತ ಹೇಳುತ್ತ ಆಕೆಯ ಮುಖವನ್ನೇ ನೋಡಿದಳು, ಎಲ್ಲೋ ಕಂಡಂತೆ. ಮಾತು ಅರ್ಧಕ್ಕೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಆಕೆ ಕೊರಳಿನ ಸರವನ್ನು ಮೆಲ್ಲಗೆ ಸೆರಗಿನೊಳಗೆ ಹಾಕಿಕೊಂಡಳು. ದಾವಲಬೀ ಯಾದಗಿರಿ ಬರುವವರೆಗೆ ಕಿಟಕಿಯ ಕಡೆಯೇ ನೋಡುತ್ತ ಕೂತಳು.

ಸ್ಟೇಷನ್ ಹತ್ತಿರ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಕೋಣೆಯಲ್ಲಿ ಸಮಿತಿ ಕೂತಿತ್ತು. ಶ್ರೀಮಂತ ಮೊದಲೇ ಬಂದಿದ್ದ. ಸದಸ್ಯರೂ ಅವನೂ ಒಂದೇ ತಟ್ಟೆಯ ಮಿರ್ಚಿಭಜಿ ತಿನ್ನುತ್ತಿದ್ದರು. ಅಯ್ಯಣ್ಣನವರು ಮಾತ್ರ ತಿನ್ನದೆ ಕಾಗದ ಓದುತ್ತ ಕೂತಿದ್ದರು. ದಾವಲಬೀಗೆ ಕುರ್ಚಿ ಕೊಟ್ಟರು, ನೀರು ಕೊಟ್ಟರು.

“ಅಮ್ಮಾ, ನಿಮ್ಮ ಅರ್ಜಿ ಓದೀನಿ,” ಅಂದರು ಅಯ್ಯಣ್ಣ. “ಏನು ನಡೀತು, ನೀವೇ ಹೇಳ್ರಿ.”

“ನಾ ಬಂಗಾರ ತಗೊಂಡಿಲ್ರಿ. ಅಷ್ಟ ನಡದದ್ದು.”

ಶ್ರೀಮಂತ ಕೈ ಒರೆಸಿಕೊಂಡ. “ಸರ್, ನಾವು ಕಂಡದ್ದು ತೋರಿಸೀವಿ. ಆಕಿ ಏನೋ ತಗದು ಸೊಂಟಕ್ಕ ಸಿಗಿಸಿದ್ದು ವಿಡಿಯೋದಾಗ ಅದ. ಬಂಗಾರ ಅಲ್ಲಂದ್ರ ಏನದು? ಆಕಿನೇ ಹೇಳಲಿ, ನಾಳೆನೇ ತಿದ್ದಿ ಹಾಕ್ತೀನಿ.”

“ಏನಿತ್ತಮ್ಮ ಅದು?” ಅಂದರು ಇನ್ನೊಬ್ಬ ಸದಸ್ಯರು.

“ಅದು ಹೇಳಾಕ ಬರಂಗಿಲ್ರಿ.”

“ಇಲ್ಲಿ ಹೇಳಿದ್ದು ಹೊರಗ ಹೋಗಂಗಿಲ್ಲ.”

ದಾವಲಬೀ ಗೋಡೆಯ ಮೂಲೆಗೆ ನಿಲ್ಲಿಸಿದ್ದ ಮೂರು ಮೈಕು, ಒಂದು ಕ್ಯಾಮೆರಾ ಸ್ಟ್ಯಾಂಡು ನೋಡಿದಳು. “ಪರದಿ ಹಿಂದ ನಡದದ್ದ ಹೊರಗ ಬಂತಲ್ರಿ,” ಅಂದಳು.

ಅಯ್ಯಣ್ಣನವರ ಮುಖ ಸಣ್ಣದಾಯಿತು. ಒಳ್ಳೆಯ ಮನುಷ್ಯ, ಅವರ ಬಗ್ಗೆ ನಾನು ಕೆಟ್ಟದ್ದು ಆಡಲಾರೆ. ಹೆಣದ ಸ್ನಾನ ತೋರಿಸಿದ್ದೇ ಮೊದಲ ತಪ್ಪು, ಆಕೆಯನ್ನು ಕೇಳದೆ ಹಾಕಿದ್ದು ಎರಡನೆಯದು, ಏನಿತ್ತು ಅನ್ನುವ ಗೊಡವೆ ನಮಗೆ ಬೇಡ ಅಂತ ವಾದ ಮಾಡಿದರು. ಉಳಿದ ಇಬ್ಬರು ಗಡಿಯಾರ ನೋಡಿ ಒಪ್ಪಿಕೊಂಡರು. ಬರುವಾಗ ಶ್ರೀಮಂತ ಮೆಟ್ಟಿಲವರೆಗೆ ಬಂದು, “ಮನಸಿಗೆ ಹಚ್ಚಗೋಬ್ಯಾಡ್ರಿ ಅಮ್ಮಾ, ನಮ್ಮ ಕೆಲಸಾನ ಹಂಗ,” ಅಂದ. ದಾವಲಬೀಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. ಇವನೂ ಯಾರೋ ತಾಯಿ ಹೆತ್ತ ಮಗ, ನಾಳೆ ಇವನ ತಾಯಿಗೂ ಯಾರಾದರೂ ಕೊನೆಯ ನೀರು ಹಾಕಬೇಕು ಅಂದುಕೊಂಡಳು.

ಹದಿನೈದು ದಿನಕ್ಕೆ ಆದೇಶದ ಕಾಗದ ಬಂತು. ಪರಿಮಳಾ ಕುಣಿದಾಡುತ್ತ ಓದಿದಳು. ದೂರನ್ನು ಎತ್ತಿಹಿಡಿಯಲಾಗಿದೆ. ವಿಡಿಯೋ ತೆಗೆಯಬೇಕು. ಮೊದಲು ಪ್ರಸಾರವಾದ ಹೊತ್ತಿನಲ್ಲೇ ಮೂವತ್ತು ಸೆಕೆಂಡು ವಿಷಾದ ಓದಬೇಕು.

“ನಾ ಕದ್ದಿಲ್ಲಂತ ಎಲ್ಲಿ ಬರದಾರವ್ವ?” ಅಂತ ಕೇಳಿದಳು ದಾವಲಬೀ.

ಪರಿಮಳಾ ಕಾಗದವನ್ನು ಮತ್ತೊಮ್ಮೆ ಓದಿದಳು. ತಿರುಗಿಸಿ ಹಿಂದೆ ನೋಡಿದಳು. “ಅದು ಅವರ ವ್ಯಾಪ್ತಿಗೆ ಬರಂಗಿಲ್ಲಂತ, ಖಾಲಾ,” ಅಂದಳು ಸಣ್ಣ ದನಿಯಲ್ಲಿ.

ಸಂಜೆ ಏಳೂವರೆಗೆ ಪರಿಮಳಾಳ ಮನೆಯಲ್ಲಿ ಇಬ್ಬರೂ ಟಿವಿಯ ಮುಂದೆ ಕೂತರು. ಒಬ್ಬ ಹುಡುಗಿ ಬಸ್ಸು ತಪ್ಪುತ್ತದೆ ಅನ್ನುವವರ ಹಾಗೆ ಓದಿದಳು: ಮೃತರೊಬ್ಬರ ಅಂತ್ಯವಿಧಿಯ ದೃಶ್ಯ ಪ್ರಸಾರ ಮಾಡಿದ್ದಕ್ಕೂ ಸಂಬಂಧಪಟ್ಟವರ ಹೇಳಿಕೆ ಪಡೆಯದಿದ್ದುದಕ್ಕೂ ದೀವಟಿಗೆ ವಿಷಾದಿಸುತ್ತದೆ. ದಾವಲಬೀ ಅನ್ನುವ ಹೆಸರಿಲ್ಲ, ಸುರಪುರ ಅನ್ನುವ ಊರಿಲ್ಲ. ಕೆಳಗೆ ಬೋರ್‌ವೆಲ್ ಜಾಹೀರಾತು ಓಡುತ್ತಿತ್ತು. ಕದ್ದಳು ಅನ್ನುವಾಗ ಮುಖ ಪರದೆ ತುಂಬ ಇತ್ತು. ವಿಷಾದಕ್ಕೆ ಮುಖವೇ ಇರಲಿಲ್ಲ. ಮರುದಿನ ಶ್ರೀಮಂತ ಅದೇ ಆದೇಶದ ಕಾಗದದ ಫೋಟೋ ಹಾಕಿ, ‘ಸ್ವಯಂ ನಿಯಂತ್ರಣಕ್ಕೆ ತಲೆಬಾಗಿದ ಜಿಲ್ಲೆಯ ಮೊದಲ ವಾಹಿನಿ’ ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡ. ಅದಕ್ಕೆ ಆರುನೂರು ಜನ ಲೈಕು ಒತ್ತಿದರಂತೆ. ಹಳೆಯ ಹತ್ತೊಂಬತ್ತು ಸೆಕೆಂಡು ಜನರ ಫೋನುಗಳಲ್ಲಿ ಹಾಗೇ ಇತ್ತು. ಅದನ್ನು ತೆಗೆಯಲು ಯಾವ ಸಮಿತಿಯ ಕೈಯೂ ಉದ್ದವಿರಲಿಲ್ಲ.

ಆ ವಾರದಲ್ಲೇ ಏಜಾಜ ಬಂದ. ಬಾಗಿಲಲ್ಲೇ ನಿಂತು ಚಪ್ಪಲಿಯ ತುದಿಯಿಂದ ನೆಲ ಕೆರೆಯುತ್ತ, “ಖಾಲಾ, ನೀವು ಕದ್ದಿಲ್ಲಂತ ನನಗ ಗೊತ್ತದ,” ಅಂದ. “ಅಮ್ಮಿ ಬಂಗಾರ ಎಲ್ಲಾ ಮನ್ಯಾಗ ಅದ. ಆದ್ರ ಜನ ಕೇಳ್ತಾರ, ಹಂಗಾದ್ರ ಏನಿತ್ತು ಅಂತ. ನನಗೊಬ್ಬಗ ಹೇಳ್ರಿ. ಶುಕ್ರವಾರ ನಮಾಜ್ ಆದಮ್ಯಾಲ ಎಲ್ಲಾರ ಮುಂದ ನಿಂತು ನಾನೇ ಹೇಳ್ತೀನಿ.”

ದಾವಲಬೀ ಕೈಯಲ್ಲಿದ್ದ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಒಂದೇ ಮಾತು. ಒಂದು ಮಾತು ಆಡಿದರೆ ಉಮೆಸಲ್ಮಾ ನಾಳೆ ಸಂಜೆ ಬಂದು ಕೂರುತ್ತಾಳೆ, ಓಣಿಯವರು ನಿಂತು ಉತ್ತರ ಕೇಳಿಸಿಕೊಳ್ಳುತ್ತಾರೆ, ಕರೆ ಬರುತ್ತದೆ. ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಸತ್ತವರಿಗೆ ಏನು ಗೊತ್ತಾಗುತ್ತದೆ ಅಂತ ಸಮಾಧಾನವನ್ನೂ ಮಾಡಿಕೊಳ್ಳುತ್ತಿದ್ದೆ. ಆಕೆ ಏಜಾಜನ ಮುಖ ನೋಡಿದಳು. ಹೇಳಿದರೆ, ತಾಯಿಯ ಬಗ್ಗೆ ಅವನ ಮನಸ್ಸಿನಲ್ಲಿರುವ ಚಿತ್ರಕ್ಕೆ ತಾನು ಕೈ ಹಾಕಬೇಕು, ಅವನು ಅದನ್ನು ಮಸೀದಿಯ ಮುಂದೆ ಇಷ್ಟು ಜನ ಗಂಡಸರಿಗೆ ಹೇಳಬೇಕು. ತನ್ನ ಮೈಯ ಮಾತು ಅಷ್ಟು ಜನರ ಬಾಯಲ್ಲಿ ಬರುವುದಕ್ಕಿಂತ ಸಾಬೇರಾ ಇನ್ನೊಮ್ಮೆ ಸಾಯಲು ಒಪ್ಪುತ್ತಿದ್ದಳು.

“ನಿಮ್ಮ ಅಮ್ಮಂದು ನಿಮ್ಮ ಅಮ್ಮನ ಸಂಗಾಟ ಹೋತಪ್ಪ,” ಅಂದಳು. “ನನ್ನ ಕೇಳಬ್ಯಾಡ.”

ಏಜಾಜ ಬಂದ ದಾರಿಯಲ್ಲೇ ತಿರುಗಿ ಹೋದ. ಶುಕ್ರವಾರ ಅವನು ಏನೂ ಹೇಳಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ ರಾಜಾಸಾಬ ಬಂದ, ಉಮೆಸಲ್ಮಾಳ ಗಂಡ. ಕಣ್ಣು ಕೆಂಪಾಗಿದ್ದವು. ಉಮೆಸಲ್ಮಾ ನಸುಕಿನಲ್ಲಿ ಹೋಗಿದ್ದಳು. ದಾವಲಬೀ ಹೊಸ್ತಿಲ ಮೇಲೆ ಕೂತಳು. ಎಂಟು ತಿಂಗಳು ಬಾರದ ಗೆಳತಿ ಇನ್ನು ಬರುವುದೇ ಇಲ್ಲ.

“ದಾವಲಬೀ ಕೈಲೇ ನನ್ನ ಗುಸಲ್ ಆಗಬೇಕು ಅಂತ ಎರಡು ಸಲ ಹೇಳ್ಯಾಳ,” ಅಂದ ರಾಜಾಸಾಬ. “ಟಿವಿಯವರು ಮಾಫಿನೂ ಕೇಳ್ಯಾರ, ಎಲ್ಲಾ ಮುಗೀತು. ನಮ್ಮ ಮನಸಿನ್ಯಾಗ ಏನೂ ಇಲ್ಲ. ಬರ್ರಿ.”

ದಾವಲಬೀ ಎಲೆಯ ಡಬ್ಬಿ, ಕರ್ಪೂರ, ಅತ್ತರಿನ ಬಾಟಲಿ ಚೀಲಕ್ಕೆ ಹಾಕಿಕೊಂಡಳು. ದುಃಖ ಎಷ್ಟು, ಸಂತೋಷ ಎಷ್ಟು ಅಂತ ಆಕೆಗೇ ತಿಳಿಯಲಿಲ್ಲ. ಓಣಿಯಲ್ಲಿ ನಡೆಯುವಾಗ ಜನ ದಾರಿ ಬಿಟ್ಟುಕೊಟ್ಟರು, ಹಿಂದಿನ ಹಾಗೆಯೇ. ಯಾರೋ ಸಲಾಂ ಅಂದರು.

ಹಿತ್ತಲಿನಲ್ಲಿ ನಾಲ್ಕು ಚಾದರ ಕಟ್ಟಿ ಪರದೆ ಮಾಡಿದ್ದರು. ಒಳಗೆ ಹಲಗೆಯ ಮೇಲೆ ಉಮೆಸಲ್ಮಾ ಮಲಗಿದ್ದಳು. ತಲೆಯ ಕಡೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದು ಮೊಬೈಲು ನಿಂತಿತ್ತು. ಸೊಸೆ ಹುಮೇರಾ ಅದನ್ನು ಬಗ್ಗಿ ಸರಿಮಾಡುತ್ತಿದ್ದಳು.

“ಏನವ್ವ ಇದು?”

“ನಿಮ್ಮ ಸಲುವಾಗಿನೇ, ಖಾಲಾ,” ಅಂದಳು ಹುಮೇರಾ. ಅವಳ ದನಿಯಲ್ಲಿ ಕಪಟವೇನೂ ಇರಲಿಲ್ಲ, ಅತ್ತು ಅತ್ತು ಗಂಟಲು ಕೂತಿತ್ತು. “ನಾಳಿಗಿ ಯಾರಾದ್ರೂ ಏನಾದ್ರೂ ಅಂದ್ರ ನಮ್ಮ ಕಡಿ ಇರಲಿ ಅಂತ. ಅತ್ತಿ ಮ್ಯಾಲ ಚಾದರ ಇರತದ, ನಿಮ್ಮ ಕೈ ಅಷ್ಟ ಕಾಣತಾವ. ಯಾರಿಗೂ ತೋರಸಂಗಿಲ್ಲ. ನಿಮ್ಮ ಮಾನ ಉಳೀಲಿ ಅಂತ ಮಾಡೀವಿ.”

“ಅದನ್ನ ತಗಿ, ಬೇಟಾ.”

“ಮಾವ ಇಡು ಅಂದಾರ, ಖಾಲಾ.”

ಪರದೆಯ ಆಚೆಯಿಂದ ರಾಜಾಸಾಬ ಹೇಳಿದ, “ಇರಲಿ ಬಿಡ್ರಿ ದಾವಲಬೀ. ತಪ್ಪು ಮಾಡದಿದ್ದವರಿಗೆ ಏನು ಹೆದರಿಕಿ?”

ದಾವಲಬೀ ಸ್ಟ್ಯಾಂಡಿನ ಕಡೆ ನೋಡಿದಳು. ಹೌದು ಅಂದರೆ ಮುಗಿಯಿತು. ನಾಳೆಯಿಂದ ಎಲ್ಲ ಮನೆಯಿಂದಲೂ ಕರೆ, ಎಲ್ಲ ಪರದೆಯೊಳಗೂ ಒಂದು ಸ್ಟ್ಯಾಂಡು. ಉಮೆಸಲ್ಮಾಳ ಮೈಮೇಲೆ ಏನಿದೆಯೋ, ಏನಿಲ್ಲವೋ ಆಕೆಗೆ ಗೊತ್ತಿರಲಿಲ್ಲ. ಏನಿದ್ದರೂ ಅದು ಉಮೆಸಲ್ಮಾಳದು. ಆಕೆ ಬಾಗಿ ಗೆಳತಿಯ ಹಣೆಯ ಮೇಲೆ ಕೈ ಇಟ್ಟಳು. “ಮಾಫ್ ಮಾಡವ್ವ,” ಅಂದಳು. ಎಲೆಯ ಡಬ್ಬಿಯನ್ನೂ ಕರ್ಪೂರವನ್ನೂ ಹಲಗೆಯ ಕಾಲಿನ ಹತ್ತಿರ ಇಟ್ಟು ಪರದೆ ಸರಿಸಿ ಹೊರಗೆ ಬಂದಳು.

ಹೊರಗೆ ಗುಸುಗುಸು ಎದ್ದಿತು. ಏನೋ ಇರಬೇಕು, ಅದಕ್ಕೇ ಒಲ್ಲೆ ಅಂತಾಳೆ ಅಂತ ಒಬ್ಬರು. ಸಗರಕ್ಕೆ ಫೋನು ಮಾಡಿದರು, ಆ ಹೆಣ್ಣುಮಗಳು ನಾರಾಯಣಪುರಕ್ಕೆ ಹೋಗಿದ್ದಳು. ಮಣ್ಣಿಗೆ ತಡವಾಗುತ್ತದೆ, ಮನೆಯವರೇ ಮಾಡಲಿ ಅಂತ ಹಿರಿಯರು ತೀರ್ಮಾನಿಸಿದರು. ಹುಮೇರಾ ಮತ್ತು ಅವಳ ನಾದಿನಿ ತೋಳು ಮೇಲೇರಿಸಿ ಒಳಗೆ ಹೋದರು. ಹೋದವಳೇ ಹುಮೇರಾ ಸ್ಟ್ಯಾಂಡಿನಿಂದ ಮೊಬೈಲು ತೆಗೆದು, ಆಫ್ ಮಾಡಿ, ಹೊರಗಿದ್ದವರ ಕೈಗೆ ಕೊಟ್ಟಳು. ಮನೆಯವರದೇ ಕೈಯಾದರೆ ಕ್ಯಾಮೆರಾದ ಕಾವಲು ಬೇಕಿರಲಿಲ್ಲ.

ಅಂಗಳ ದಾಟುತ್ತಿದ್ದ ದಾವಲಬೀಗೆ ಒಳಗಿನಿಂದ ಹುಮೇರಾಳ ಅಳು ಕೇಳಿಸಿತು. “ಖಾಲಾ, ಮೊದಲ ಏನು ಮಾಡಬೇಕು? ನಮಗ ಗೊತ್ತಿಲ್ರಿ.”

ದಾವಲಬೀ ನಿಂತಳು. ಯಾರ ಮುಖವನ್ನೂ ನೋಡದೆ ತಿರುಗಿ ಬಂದು, ಪರದೆಗೆ ಬೆನ್ನು ಮಾಡಿ ನೆಲದ ಮೇಲೆ ಕೂತಳು. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

“ನೀರಿಗೆ ಎಲಿ ಹಾಕ್ರಿ,” ಅಂದಳು. “ಬಹಳ ಬಿಸಿ ಬ್ಯಾಡ. ಮೊದಲ ಕೈ ತೊಳೀರಿ, ಆಮ್ಯಾಲ ಮಾರಿ. ಬಲಗಡಿ ಮೊದಲ. ಮೆಲ್ಲಕ ಹೊರಳಸ್ರಿ, ಅವಳಿಗೆ ಬೆನ್ನು ನೋವಿತ್ತು.”

ಒಳಗೆ ನೀರು ಸುರಿದ ಸದ್ದಾಯಿತು.

“ಮೂರು ಸಲ,” ಅಂದಳು ದಾವಲಬೀ. “ಮತ್ತ ಅಲ್ಲಿ ಏನು ಕಂಡ್ರೂ, ಹೊರಗ ಬಂದು ನನಗೂ ಹೇಳಬ್ಯಾಡ್ರಿ.”